ಓಣಿಯುದ್ದದ ಡೈನೋಸಾರ್

“ಟೀಚರ್, ಇದು ಹಲ್ಲಿ ಕಂಡಂಗ ಕಾಣತೈತ್ರಿ!”

ಡೈನೋಸಾರ್ ಪರಿಚಯಿಸಲು ನಾನು ಹಲಗೆಯ ಮೇಲೆ ಬರೆದ ಚಿತ್ರ ನೋಡಿ ಮೂರನೇ ತರಗತಿಯ ಸವಿತಾ ಎದ್ದು ನಿಂತಳು. ನಿಜವಾಗಿ ಎಷ್ಟು ಉದ್ದವಿತ್ತು ಎಂದು ಕೇಳಿದಳು. ಇಪ್ಪತ್ತೈದು ಮೀಟರ್ ಎಂದೆ. ಅವಳಿಗೆ ಅಚ್ಚರಿಯೇ ಆಗಲಿಲ್ಲ.

“ಅಷ್ಟ ಏನ್ರಿ? ನಮ್ಮಪ್ಪ ಮಗ್ಗದಾಗ ಒಂದ ಪಾಳಿ ಕೆಲಸದಾಗ ಅದಕ್ಕಿಂತ ಉದ್ದ ನೇಯ್ತಾನ. ಅರಿವಿ ತರ್ತೇನಿ, ಪೂರಾ ಬರಿಯೂಣು.”

ಕಬನೂರಿನ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಮಗ್ಗದವರ ಮಕ್ಕಳು. ಮರುದಿನ ಸವಿತಾಳ ಅಪ್ಪ ಎಣ್ಣೆಕಲೆ ಬಿದ್ದು ಮಾರಾಟವಾಗದ ಬಟ್ಟೆಯ ಸುರುಳಿ ಹೊತ್ತು ತಂದರು. ಓಣಿಯುದ್ದಕ್ಕೂ ಹಾಸಿದೆವು. ಮಕ್ಕಳು ಇದ್ದಿಲು ಹಿಡಿದು ಬಾಲದಿಂದ ಬರೆಯುತ್ತ ಬಂದರು. ಕುತ್ತಿಗೆ ಮುಗಿಯುವಷ್ಟರಲ್ಲಿ ಬಟ್ಟೆಯೂ ಮುಗಿಯಿತು.

“ಸಾಕು, ತಲೆ ಬೇರೆ ಹಾಳೆಯಲ್ಲಿ ಸಣ್ಣದಾಗಿ ಬರೆಯೋಣ” ಎಂದೆ.

“ಸಣ್ಣದ ಒಲ್ಲೆರೀ” ಎಂದು ಸವಿತಾ ಅಲ್ಲೇ ಕುಳಿತುಬಿಟ್ಟಳು. ಅವಳಪ್ಪ ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಕುತ್ತಿಗೆಯ ಮುಂದೆ ಹಾಸಿದರು. ತಲೆ ಅದರ ಮೇಲೆ ಮೂಡಿತು.

ಅಂದು ಅವರು ಬರಿಹೆಗಲಲ್ಲಿ ಪಾಳಿಗೆ ಹೋದರು. ಆಮೇಲೆ ನಾನು ಯಾವ ಪ್ರಾಣಿಯನ್ನೂ ಹಲಗೆಯ ಅಳತೆಗೆ ಕುಗ್ಗಿಸಿಲ್ಲ.