ಹುಳದ ತಟ್ಟೆಗೆ ಹೋದ ಕೊನೆಯ ಅಧ್ಯಾಯ

ಮೈಮೇಲೆ ದೇವರು ಬರುತ್ತದೆ ಅನ್ನುವವರನ್ನು ಅಣಕಿಸಿಯೇ ನಾನು ಊರಲ್ಲಿ ಹೆಸರು ಮಾಡಿದವನು. ತಲೆ ಕೆದರಿಕೊಂಡು, ಕಣ್ಣು ಮೇಲೆ ಮಾಡಿ ಶುರುಮಾಡಿದರೆ ನಮ್ಮವ್ವ ಕೂಡ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಮ್ಮ ಬಾಯಿಂದ ನಮ್ಮದಲ್ಲದ ಮಾತು ಬರುವುದೆಲ್ಲ ಬೂಟಾಟಿಕೆ ಅಂತಲೇ ನಂಬಿದ್ದೆ. ಈಗ ಹಾಗನ್ನುವ ಹಕ್ಕು ನನಗಿಲ್ಲ. ಅದಕ್ಕೇ ನನಗೆ ಸಿಟ್ಟು.

ಆಗ ನಮ್ಮೂರು ಅಗರ ಮೈಸೂರು ಸೀಮೆಗೆ ಸೇರಿತ್ತು, ಪಕ್ಕದ ಕೊಳ್ಳೇಗಾಲ ಮದ್ರಾಸ್ ಸೀಮೆಗೆ. ಕೊಳ್ಳೇಗಾಲದಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ಮನೆಯಲ್ಲಿ ವಿಜ್ಞಾನದ ಕತೆಗಳ ಹಳೇ ಇಂಗ್ಲಿಷ್ ಪುಸ್ತಕಗಳ ಟ್ರಂಕೇ ಒಂದಿತ್ತು. ಚಂದ್ರನಿಗೆ ಹಾರುವವರು, ಸಮುದ್ರದ ತಳದಲ್ಲಿ ಸಂಸಾರ ಹೂಡುವವರು. "ಬರೆದ ಪುಣ್ಯಾತ್ಮ ಮೇಜು ಬಿಟ್ಟು ಎದ್ದೇ ಇಲ್ಲ ಕಣೋ. ಕಾಣದ್ದನ್ನ ಕಂಡವನ ಹಾಗೆ ಬರೆದಿದ್ದಾನೆ. ನಂಬದೆ ಇರೋಕಾಗುತ್ತಾ?" ಅನ್ನುತ್ತಿದ್ದರು ಮೇಷ್ಟ್ರು. ಕಣ್ಣಿಗೆ ಪೊರೆ ಬಂದು ಅವರ ಓದು ನಿಂತ ಮೇಲೆ ನಾನೇ ಹೋಗಿ ಓದುತ್ತಿದ್ದೆ. ಚಂದ್ರಲೋಕದ ರಾಜನಿಗೆ ನಮ್ಮೂರ ಶಾನುಭೋಗರ ದನಿ, ವಿಜ್ಞಾನಿಗೆ ಮೇಷ್ಟ್ರದೇ ಕೆಮ್ಮು. ನನ್ನ ಸ್ವಂತ ಕೀರಲು ದನಿಗೆ ಪಾತ್ರವೇ ಸಿಗದೆ ಕೊನೆಗೆ ಒಂದು ಕೋತಿಗೆ ಕೊಟ್ಟೆ.

ಸೂರ್ಯ ಆರಿಹೋದ ಮೇಲೆ ಭೂಮಿಯಲ್ಲಿ ಉಳಿದ ಒಬ್ಬನೇ ಮನುಷ್ಯನ ಕತೆ ಅಂದರೆ ಅವರಿಗೆ ಪ್ರಾಣ. ಎಷ್ಟೋ ಸಲ ಓದಿದ್ದರು. ನಾನು ಓದುತ್ತಾ ಕೊನೆಯ ಅಧ್ಯಾಯಕ್ಕೆ ಬಂದಾಗ, ತಯಾರಾಗಿ ಬಾ ಅಂತ ಪುಸ್ತಕ ಕೊಟ್ಟು ಕಳಿಸಿದರು. ಅದನ್ನು ತೆರೆಯದೆ ಮನೆಯಲ್ಲಿಟ್ಟು, ಯಳಂದೂರಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮಾವ ಆ ಅಧ್ಯಾಯದ ಹಾಳೆಗಳನ್ನು ಕಿತ್ತು, ರೇಷ್ಮೆಹುಳದ ತಟ್ಟೆಗೆ ಹಾಸಿ, ಹುಳದ ಕಸದ ಜೊತೆ ತಿಪ್ಪೆಗೂ ಎಸೆದಿದ್ದ.

"ನಿಂಗೇನ್ ಬಂದಿತ್ತು ಮಾವ? ಪುಸ್ತಕ ಅಂತ ಕಾಣ್ಲಿಲ್ವಾ?"

"ಕನ್ನಡ ಅಕ್ಸರ ಆಗಿದ್ರೆ ಸರಸ್ವತಿ, ಕಣ್ಗೊತ್ಕಂಡು ಎತ್ತಿಡ್ತಿದ್ದೆ ಕಣ್ಲಾ. ಇದು ಇಂಗ್ಲೀಸು. ಇದ್ಯಾವ್ ದೇವ್ರು?"

ಅವತ್ತು ಮಾವನ ಪಕ್ಕ ಉಣ್ಣಲು ಕೂರಲಿಲ್ಲ. ಮಾರನೆಯ ದಿನ ಅವನನ್ನೇ ಎಳೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಹರಿದ ಪುಸ್ತಕವನ್ನು ತಡವಿ, ಹಾಳೆ ಕಿತ್ತ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ, "ಹೋಗಲಿ ಬಿಡು. ನೀನೇ ಕಟ್ಟಿ ಹೇಳು. ಹೇಗೆ ಮುಗಿಸ್ತೀಯ ನೋಡೋಣ" ಅಂದರು.

ಆ ಒಬ್ಬನೇ ಮನುಷ್ಯನಿಗೂ ಮೇಷ್ಟ್ರ ಕೆಮ್ಮಿನಿಂದಲೇ ಶುರುಮಾಡೋಣ ಅಂತ ಬಾಯಿ ತೆರೆದೆ. ಕೆಮ್ಮು ಬರಲಿಲ್ಲ. ಯಾರದೋ ದನಿ ಬಂತು. ಅವಸರವಿಲ್ಲದ, ನಾನೆಂದೂ ಕೇಳದ ದನಿ. ಅದೂ ಇಂಗ್ಲಿಷಿನಲ್ಲಿ, ನನಗೆ ಅರ್ಥವೇ ಗೊತ್ತಿಲ್ಲದ ಪದಗಳೂ ಸೇರಿ, ಎಲ್ಲೂ ತಡವರಿಸದೆ. ಹಗಲೇ ಇಲ್ಲದ ಲೋಕದಲ್ಲಿ ಆ ಮನುಷ್ಯ ಗಡಿಯಾರಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೂರುವಲ್ಲಿಗೆ ದನಿ ನಿಂತಿತು. ಹೊರಗೆ ಬಿಸಿಲು ಸುಡುತ್ತಿತ್ತು. ನನ್ನ ಕೈಕಾಲು ತಣ್ಣಗಾಗಿದ್ದವು.

ಮೇಷ್ಟ್ರ ತುಟಿಯೂ ನನ್ನ ಜೊತೆಯೇ ಆಡಿ ನಿಂತದ್ದನ್ನು ಆಗ ಕಂಡೆ.

"ಒಂದು ಪದ ಬಿಟ್ಟಿಲ್ಲ" ಅಂದರು. "ಬಾಯಿಪಾಠ ಮಾಡ್ಕೊಂಡು ಬಂದು, ಹಾಳೆ ಹೋಯ್ತು ಅಂತ ಕುರುಡನ ಹತ್ತಿರ ಆಟ ಆಡ್ತೀಯ?"

"ಓದೇ ಇಲ್ಲ ಸಾ. ಮಾವ, ನೀನಾದ್ರೂ ಹೇಳು."

"ಇವ್ನು ಎಂಥೆಂಥವರ್ನೋ ಏಮಾರ್ಸಿದಾನೆ ಸಾ. ನಾನೇನ್ ಕಂಡೆ" ಅಂದ ಮಾವ.

ಟ್ರಂಕಿಗೆ ಬೀಗ ಬಿತ್ತು. ಮತ್ತೆ ನನ್ನನ್ನು ಓದಲು ಕರೆಯಲಿಲ್ಲ. ಚಂದ್ರನನ್ನು ಕಾಣದೆ ಬರೆದವರನ್ನು ನಂಬಿದ ಮನುಷ್ಯ, ಎದುರಿಗೆ ಕೂತು ಅಳುತ್ತಿದ್ದ ನನ್ನನ್ನು ನಂಬಲಿಲ್ಲ. ಅಳುವನ್ನೂ ಅಣಕ ಅಂದುಕೊಂಡರೋ ಏನೋ. ನಾನು ಅಣಕಿಸುವ ಅಳು ಅಷ್ಟು ಚೆನ್ನಾಗಿರುತ್ತಿತ್ತು, ಅದು ನನ್ನದೇ ತಪ್ಪು.

ಆ ದನಿಯನ್ನು ಎಷ್ಟು ಸಲ ಕರೆದರೂ ಅದು ಮತ್ತೆ ಬಂದಿಲ್ಲ. ಹನೂರಿನ ಸಂತೆಯಲ್ಲಿ, ಬೆಟ್ಟದ ಬಸ್ಸಿನಲ್ಲಿ, ಇವತ್ತಿಗೂ ಕಿವಿಗೊಟ್ಟು ಹುಡುಕುತ್ತೇನೆ. ಆ ದನಿಯವನು ಸಿಕ್ಕರೆ ಕೊರಳಪಟ್ಟಿ ಹಿಡಿದು ಎಳೆತಂದು, ಮೇಷ್ಟ್ರ ಮುಂದೆ ಕೂರಿಸಿ, "ಹೇಳಯ್ಯ, ಓದಿದ್ದು ನೀನೋ ನಾನೋ" ಅಂತ ಕೇಳಬೇಕು.