ಪಕ್ಕದ ಮನೆಯ ಗಂಟಲು

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬ ಶಾಸ್ತ್ರವನ್ನು ನಮ್ಮ ಮಂಡ್ಯ ಸೀಮೆಯಲ್ಲಿ ಯಾರೂ ಯಾರಿಗೂ ಬೋಧಿಸುವುದಿಲ್ಲ. ಮಕ್ಕಳು ಅದನ್ನು ಗರ್ಭದಲ್ಲೇ ಕಲಿತು ಬರುತ್ತಾರೆಂಬುದು ಇಲ್ಲಿನವರ ನಂಬಿಕೆ. ನಾನು ಕಲಿಯದೆ ಬಂದವನು. ಕೊತ್ತತ್ತಿಯ ನಮ್ಮ ನಡುಮನೆಯಲ್ಲಿ ಕೂತು ನಾನು ಹಸುವಿನಂತೆ ಮೆಲುಕು ಹಾಕುತ್ತಿದ್ದರೆ, ಸೊಪ್ಪಿನ ಸಾರು ಬಡಿಸುವ ಅವ್ವನಿಗೆ ಪಕ್ಕದ ಮನೆಯ ಜವರ ತಪ್ಪದೆ ನೆನಪಾಗುತ್ತಿದ್ದ. "ಅವ್ನ ನೋಡ್ಲಾ, ಗುಳುಂ ಅಂತ ನುಂಗಿ ಆಗ್ಲೇ ಗದ್ದೆಗೋಗವ್ನೆ. ನೀನಿನ್ನೂ ಕಡೀತಾ ಕೂತಿದ್ದೀಯ!" ನನ್ನ ಅಂಕಪಟ್ಟಿ, ದುಂಡಗಿನ ಅಕ್ಷರ, ವಿನಯಾದಿ ಸಮಸ್ತ ಸಂಪತ್ತೂ ಜವರನ ಗಂಟಲಿನ ಮುಂದೆ ನಿಷ್ಪ್ರಯೋಜಕ. ಅವನ ಗುಣಗಳ ಪಾರಾಯಣ ಕೇಳಿ ಕೇಳಿ, ಓದುಗ ಮಹಾಶಯರೇ, ಆ ನಿರಪರಾಧಿಯನ್ನು ನಾನು ಮನಸಾರೆ ದ್ವೇಷಿಸಿದೆ. ಹಟ ತೊಟ್ಟು ನುಂಗುವುದನ್ನೂ ಕಲಿತೆ.

ಈಚೆಗೆ ಹಲಗೂರಿನ ಬೀಗರೂಟವೊಂದರಲ್ಲಿ ಅದೇ ಜವರ ನನ್ನ ಪಕ್ಕದ ಎಲೆಗೇ ಬಂದು ಕೂತ. ನೋಡಿದರೆ, ಮುದ್ದೆಯನ್ನು ನಿಧಾನವಾಗಿ ಅಗಿಯುತ್ತಿದ್ದಾನೆ! "ಎಲ್ಲಾ ನಿನ್ನ ದೆಸೆಯಿಂದ ಕಣ್ಲಾ," ಎಂದು ನಕ್ಕ. "ನಿಮ್ಮವ್ವ ದಿನಾ ನಮ್ ಜಗಲಿ ಮೇಲೆ ಕೂತು, ನನ್ ಮಗ ಅಗ್ದು ತಿಂತಾನೆ, ಅದ್ಕೇ ಅವ್ನ ತಲೆ ಅಂಗೆ ಓಡ್ತದೆ ಅಂತ ಒಗಳ್ತಿದ್ಲು. ನಮ್ಮವ್ವ ಮೊಟಕಿ ಮೊಟಕಿ ನಂಗೂ ಅಗಿಯೋದು ಕಲಿಸ್ಬುಟ್ಲು."

ನಾವೀಗಿರುವ ಮದ್ದೂರಿಗೆ ಮರಳುವ ಬಸ್ಸಿನಲ್ಲಿ, ಆ ಹೊಗಳಿಕೆಯಲ್ಲಿ ಒಂದು ತುತ್ತನ್ನಾದರೂ ನನಗೇಕೆ ಬಡಿಸಲಿಲ್ಲವೆಂದು, ಊಟಕ್ಕೆ ಜೊತೆಗೆ ಬಂದಿದ್ದ ಅವ್ವನನ್ನು ಕೇಳಿದೆ. ಅವಳು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿ, "ಎತ್ತ ತಾಯಿ ದೃಷ್ಟಿ ಜಾಸ್ತಿ ತಾಕ್ತದೆ ಕಣಪ್ಪ. ಮಕ್ಕಳ ಎದ್ರುಗೇ ಯಾರಾದ್ರೂ ಒಗಳ್ತಾರಾ?" ಎಂದಳು. ಬೈಗುಳವೆಲ್ಲ ಮನೆಯೊಳಗೆ, ಪ್ರಶಂಸೆಯೆಲ್ಲ ಪಕ್ಕದ ಜಗಲಿಗೆ. ಇದು ಅವಳ ವಿತರಣಾ ವ್ಯವಸ್ಥೆ. ಇಷ್ಟು ವರ್ಷಗಳ ಮೇಲೆ ನನಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಅವ್ವನ ಪಕ್ಕ ಕೂತಿದ್ದ, ಹೈಸ್ಕೂಲು ಓದುವ ನನ್ನ ಮಗಳು ಸಿಂಚನ ತಿರುಗಿ ಕೇಳಿದಳು: "ಹಂಗಾದ್ರೆ ಅಪ್ಪ, ನೀನು ನನ್ನ ಯಾರತ್ರ ಹೊಗಳ್ತೀಯ?"

ಅವ್ವನ ಪದ್ಧತಿಯ ಪೂರ್ವಾರ್ಧವನ್ನು ನಾನು ನಿಷ್ಠೆಯಿಂದ ಪಾಲಿಸಿದವನು. ಎದುರು ಮನೆಯ ಹುಡುಗಿಯ ಗಣಿತವನ್ನು ಮಗಳಿಗೆ ಊಟಕ್ಕೊಮ್ಮೆ ಉಣಿಸಿದ್ದೇನೆ. ಉತ್ತರಾರ್ಧದ ಸುದ್ದಿಗೇ ಹೋಗಿಲ್ಲ. ಯಾವ ಜಗಲಿಯಲ್ಲೂ ಅವಳ ಬಗ್ಗೆ ಒಂದೊಳ್ಳೆಯ ಮಾತಾಡಿಲ್ಲ. ಈಚೆಗೆ ಅವಳು ನನ್ನೊಡನೆ ಮಾತನ್ನೇ ಕಡಿಮೆ ಮಾಡಿದ್ದಳು. ಹೀಗೇ ಬಿಟ್ಟರೆ ಮಗಳು ಕೈತಪ್ಪಿ ದೂರವಾಗುತ್ತಾಳೆಂದು ನಿಜಕ್ಕೂ ಭಯವಾಯಿತು.

ಜಗಲಿ ಹುಡುಕಲು ವ್ಯವಧಾನವಿರಲಿಲ್ಲ. ಮಳವಳ್ಳಿಯಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರ ಕಡೆ ವಾಲಿ, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ ಶುರು ಮಾಡಿಯೇಬಿಟ್ಟೆ: ಅವಳು ಕಬಡ್ಡಿಗೆ ಇಳಿದರೆ ಹಿಡಿಯುವವರೇ ಇಲ್ಲವೆಂದೆ, ಅಜ್ಜಿಗೆ ದಿನಾ ತಲೆ ಬಾಚುವವಳು ಅವಳೇ ಎಂದೆ, ಅವಳು ನಕ್ಕರೆ ಮನೆಯೆಲ್ಲ ನಗುತ್ತದೆ ಎಂದೆ. ಒಂದೂ ಸುಳ್ಳಲ್ಲ. ಸಿಂಚನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗು ತಡೆಯುತ್ತಿದ್ದಳು. ಅವ್ವ ಮಾತ್ರ ದೃಷ್ಟಿಯ ಭಯಕ್ಕೆ ತನ್ನ ಪಾಡಿಗೆ ನೆಟಿಕೆ ಮುರಿಯುತ್ತಿದ್ದಳು.

ಆ ಮಹಾನುಭಾವರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ ತಲೆದೂಗಿ, ತಮ್ಮ ತೋಳಿಗೊರಗಿ ನಿದ್ದೆ ಹೋಗಿದ್ದ ಪುಟ್ಟ ಮಗಳನ್ನು ತಿವಿದು ಎಬ್ಬಿಸಿದರು. "ಏಳವ್ವ, ಆ ಅಕ್ಕನ್ನ ನೋಡಿ ಕಲ್ತ್ಕೊ!"

ನಿದ್ದೆಗೆಟ್ಟ ಆ ಮಗು ನನ್ನ ಮಗಳನ್ನು ದುರುಗುಟ್ಟಿಕೊಂಡು ನೋಡಿತು. ಎದುರು ಮನೆಯ ಹುಡುಗಿಯಾಗುವ ಯೋಗ ಸಿಂಚನಳಿಗೆ ಅಂದು ಮೊದಲ ಸಲ ಕೂಡಿಬಂತು.