ಬಸುರಿಯ ಹೊಟ್ಟೆಯಲ್ಲಿ ಕೊಕ್ಕೆಹುಳ

ಎರಡನೇ ಸಲ ಬಸುರಿಯಾದಾಗ ನಾನು ಸೋಮಾರಿ ಅನ್ನಿಸಿಕೊಂಡೆ. ಶ್ರೀರಾಂಪುರದ ನರ್ಸರಿಯೊಂದರಲ್ಲಿ ಗಿಡ ನೆಡುವ ಕೆಲಸ ನನ್ನದು. ಹಸಿ ಮಣ್ಣಲ್ಲಿ ಚಪ್ಪಲಿ ಜಾರುತ್ತದೆಂದು ನಾವೆಲ್ಲ ಬರಿಗಾಲು. ಐದನೇ ತಿಂಗಳ ಹೊತ್ತಿಗೆ ಒಂದು ಕುಂಡ ಎತ್ತಿದರೂ ಎದೆ ಡವಗುಟ್ಟುತ್ತಿತ್ತು.

"ಬಸುರಿ ಅಂದ್ಮೇಲೆ ಸುಸ್ತಿರಲ್ವಾ? ನಾವೂ ಹೆತ್ತಿದೀವಿ ಕಣಮ್ಮ," ಅಂದರು ಅತ್ತೆ.

ರಾಮಕೃಷ್ಣನಗರದ ಕ್ಲಿನಿಕ್ಕಿನ ಡಾಕ್ಟರು ತಲೆ ಎತ್ತದೆ ಕಬ್ಬಿಣಾಂಶದ ಮಾತ್ರೆ ಬರೆದರು. ಒಂದು ದಿನವೂ ತಪ್ಪಿಸದೆ ನುಂಗಿದೆ. ಆದರೂ ರಕ್ತ ಏರಲಿಲ್ಲ. "ಮಾತ್ರೆ ಎಸೀತಿದೀಯಾ?" ಎಂದು ಗದರಿದರು. ಗಂಡನೂ ಅವರ ಮಾತನ್ನೇ ನಂಬಿದ.

ಏಳನೇ ತಿಂಗಳಲ್ಲಿ ಗುಲಾಬಿ ಪಾತಿಯಲ್ಲೇ ತಲೆ ತಿರುಗಿ ಬಿದ್ದೆ. ಜೊತೆಯ ಹೆಂಗಸರು ದೊಡ್ಡಾಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿನ ಲೇಡಿ ಡಾಕ್ಟರು ಮಣ್ಣು ಮೆತ್ತಿದ ನನ್ನ ಬರಿಪಾದ ನೋಡಿ, ಮಲ ಪರೀಕ್ಷೆ ಮಾಡಿಸಿದರು.

"ಕೊಕ್ಕೆಹುಳ. ಮಣ್ಣಿಂದ ಕಾಲಿನ ಚರ್ಮ ಕೊರೆದು ಒಳಗೆ ಹೋಗಿ ಕರುಳಿಗೆ ಕಚ್ಚಿಕೊಳ್ಳುತ್ತೆ. ನಿಮ್ಮ ರಕ್ತ ಅದೇ ಕುಡೀತಿದೆ."

"ಹುಳ ಮಕ್ಕಳಿಗಲ್ವಾ ಆಗೋದು?" ದೊಡ್ಡ ಮಗಳಿಗೆ ಸ್ಕೂಲಲ್ಲಿ ಹುಳದ ಮಾತ್ರೆ ಕೊಡುತ್ತಿದ್ದರು.

"ಕೆಲವು ಹುಳ ಮಕ್ಕಳಲ್ಲೇ ಜಾಸ್ತಿ. ಇದು ದೊಡ್ಡವರನ್ನೂ ಬಿಡಲ್ಲ. ಬಸುರಲ್ಲಿ ಹಾರ್ಮೋನು ಬದಲಾದಾಗ ಮೈ ಮಗುವಿಗೋಸ್ಕರ ತನ್ನ ಕಾವಲು ಸ್ವಲ್ಪ ಸಡಿಲ ಮಾಡುತ್ತೆ. ಹುಳಕ್ಕೆ ಅದೇ ಅನುಕೂಲ. ನಿಮ್ಮ ತಪ್ಪೇನಿಲ್ಲ."

ತಪ್ಪಿಲ್ಲ ಎಂದು ಕೇಳಿದ ಮೇಲೆಯೇ ನನ್ನ ಸಿಟ್ಟು ನೆತ್ತಿಗೇರಿದ್ದು. ಕ್ಲಿನಿಕ್ಕಿಗೆ ನೇರ ಹೋಗಿ ರಿಪೋರ್ಟನ್ನು ಮೇಜಿನ ಮೇಲೆ ಕುಕ್ಕಿದೆ.

"ಒಂದ್ಸಲ ನನ್ನ ಕಾಲು ನೋಡಿದ್ರೆ ಸಾಕಿತ್ತು."

"ಕೋಪ ಮಾಡ್ಕೋಬೇಡಮ್ಮ. ಈ ಟೈಮಲ್ಲಿ ಹಾರ್ಮೋನಿಂದ ಹಿಂಗೆಲ್ಲ ಆಗುತ್ತೆ," ಎಂದು ಡಾಕ್ಟರು ನಕ್ಕರು.

"ಹಾರ್ಮೋನಿನ ನೆನಪು ಈಗ ಬಂತೇನ್ರೀ ನಿಮಗೆ?" ಎಂದು ಕೂಗಿದೆ. ಹೊರಗೆ ಕೂತಿದ್ದ ರೋಗಿಗಳೆಲ್ಲ ಎದ್ದು ನಿಂತರು.

ದೊಡ್ಡಾಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗೆ ಹುಳ ಹೋಯಿತು, ರಕ್ತ ನಿಧಾನವಾಗಿ ಏರಿತು. ಎರಡನೇ ಮಗಳು ಮಾತ್ರ ಹುಟ್ಟಿದಾಗ ಅಂಗೈಯಷ್ಟೇ ಇದ್ದಳು. ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಾನು ಹೊರಗಿಂದ ನೋಡುತ್ತಾ ಕೂತೆ. ಈಗ ಮನೆ ತುಂಬ ಓಡಾಡುತ್ತಾಳೆ. "ಮರ್ತುಬುಡು," ಅನ್ನುತ್ತಾರೆ ಅತ್ತೆ. ಹೇಗೆ ಮರೆಯಲಿ?

ಕೆಲಸಕ್ಕೆ ಮರಳಿದ ದಿನವೇ, ಎಲ್ಲರಿಗೂ ಗಂಬೂಟು ಬರುವವರೆಗೆ ಮಣ್ಣಿಗಿಳಿಯೋದಿಲ್ಲ ಎಂದು ಮಾಲೀಕರಿಗೆ ಹೇಳಿದೆ. ಉಳಿದ ನಾಲ್ವರು ಹೆಂಗಸರೂ ನನ್ನ ಜೊತೆ ಕಟ್ಟೆಯ ಮೇಲೆ ಕೂತರು. ಮೂರನೇ ದಿನ ಬೂಟು ಬಂತು. ಎಲ್ಲವೂ ಗಂಡಸರ ಅಳತೆ. ವಾಪಸು ಕಳಿಸಿ, ಮತ್ತೆ ಕೂತೆವು.